ಇರುವೆ ಕಂಡುಹಿಡಿದ ಕಾಯಿಲೆ

ನನ್ನ ಅಕ್ಕನ ಮಗಳು ಇವತ್ತು ಕುಣ್ಕೊಂಡು, ನನ್ನ ತಲೆ ತಿನ್ಕೊಂಡು ಓಡಾಡ್ತಾ ಇದ್ದಾಳೆ ಅಂದ್ರೆ ಅದಕ್ಕೆ ಮೊದಲನೇ ಕಾರಣ ಇರುವೆಗಳು. ಎರಡನೇ ಕಾರಣ ಅವಳ ಅಜ್ಜಿಯ ಜಂಬ. ನಾನು ಮೂರನೇ ಕಾರಣ, ಅದೂ ಸ್ವಲ್ಪ ತಡವಾಗಿ ಬಂದ ಕಾರಣ. ನಮ್ಮ ನರ್ಸಿಂಗ್ ಕಾಲೇಜಿನ ಜೂನಿಯರ್‌ಗಳು "ಸಾರ್, ಮಕ್ಕಳ ಹಾರ್ಮೋನು, ಮೆಟಬಾಲಿಸಂ ಪಾಠ ತಲೆಗೇ ಹತ್ತಲ್ಲ, ನೀವು ಹೆಂಗ್ ಓದಿದ್ರಿ?" ಅಂತ ಕೇಳ್ದಾಗೆಲ್ಲ ಈ ಕತೆನೇ ಹೇಳ್ತೀನಿ. ಹೇಳಿ ಹೇಳಿ ಬಾಯಿಪಾಠ ಆಗೈತೆ. ಈಗ ಒಂದೊಂದೇ ಅಕ್ಷರ ಹುಡುಕ್ಕೊಂಡು ಟೈಪ್ ಮಾಡ್ತಾ ಇದ್ದೀನಿ.

ನಾನು ಕಾಲೇಜು ಸೇರ್ದಾಗ ನನಗೆ ಮೂವತ್ಮೂರು. ಮಿಕ್ಕೋರಿಗೆಲ್ಲ ಹದಿನೆಂಟು, ಹತ್ತೊಂಬತ್ತು. ಮೊದಲನೇ ದಿನ ತಿಪಟೂರಿನ ಆ ಕ್ಲಾಸಿನ ಬಾಗಲಲ್ಲಿ ನಾನು ನಿಂತ ತಕ್ಷಣ ಹುಡುಗೀರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಸಾರ್" ಅಂದ್ಬುಟ್ರು. ನಾನೂ ಗಾಬರೀಲಿ "ಕೂತ್ಕಳಿ, ಕೂತ್ಕಳಿ" ಅಂತ ಹೇಳಿ, ಹೋಗಿ ಕೊನೇ ಬೆಂಚಲ್ಲಿ ಕೂತೆ. ಅವತ್ತು ಬೆಳಗ್ಗೆ ಪಾಠನೇ ಆಗ್ಲಿಲ್ಲ, ನಗೋದೇ ಆಗೋಯ್ತು.

ಅದಕ್ಕೆ ಮುಂಚೆ ಹದಿನೈದು ವರ್ಷ ನಾನು ತೆಂಗಿನಕಾಯಿ ಸುಲಿಯೋನು. ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ಹೋಗಿತ್ತು, ನಾನೂ ಅದರ ಹಿಂದೆ ಹೋಗ್ಲಿಲ್ಲ. ನೊಣವಿನಕೆರೆ ಸುತ್ತ, ತುರುವೇಕೆರೆ ಕಡೆ, ಯಾರ ತೋಟದಲ್ಲಿ ಕಾಯಿ ಕೆಡವಿದ್ರೂ ನನಗೆ ಕರೆ ಬರೋದು. ನೆಲಕ್ಕೆ ನೆಟ್ಟ ಹಾರೆ ಮೇಲೆ ಕಾಯಿ ಕುಕ್ಕಿ ಮೂರು ತಿರುವು ತಿರುವಿದ್ರೆ ಸಿಪ್ಪೆ ಬೇರೆ, ಕಾಯಿ ಬೇರೆ. ಒಂದಿನ ಕಾಯಿ ಜಾರಿ ಹಾರೆ ನನ್ನ ಅಂಗೈಗೇ ಹೊಕ್ತು. ಆಸ್ಪತ್ರೇಲಿ ನನಗೆ ಡ್ರೆಸಿಂಗ್ ಮಾಡಿದ್ದು ದಪ್ಪ ಮೀಸೆಯ ಒಬ್ರು ಗಂಡಸು. "ಸಾರ್, ಗಂಡಸರೂ ನರ್ಸ್ ಆಗ್ತಾರಾ?" ಅಂತ ಕೇಳ್ದೆ. ಅವರು ಬ್ಯಾಂಡೇಜ್ ಸುತ್ತುತ್ತಾ, "ನನ್ ಮೀಸೆ ನೋಡಿದ್ರೆ ನಿನಗೆ ಏನನ್ಸುತ್ತಪ್ಪ?" ಅಂದ್ರು. ಕೈ ವಾಸಿ ಆಗೋ ಹೊತ್ತಿಗೆ ನಾನು ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಕಟ್ಟಿದ್ದೆ. ಅದು ಪಾಸಾಗಿ, ಪಿಯುಸಿನೂ ಮುಗಿಸ್ಕೊಂಡು ಕಾಲೇಜಿಗೆ ಬಂದೆ.

ಎರಡನೇ ವರ್ಷದಲ್ಲಿ ಮಕ್ಕಳ ನರ್ಸಿಂಗ್ ಪಾಠ ಬಂತು. ನಮ್ಮ ಮೇಡಂ ಬೋರ್ಡ್ ಮೇಲೆ ಗ್ರಂಥಿಗಳ ಚಿತ್ರ ಬರೆದ್ರು. ಇದು ಕಮ್ಮಿ ಆದ್ರೆ ಮಗು ಬೆಳೆಯಲ್ಲ, ಇದು ಕಮ್ಮಿ ಆದ್ರೆ ಬುದ್ಧಿ ಬೆಳೆಯಲ್ಲ, ಇದು ಜಾಸ್ತಿ ಆದ್ರೆ ಎದೆ ಹೊಡ್ಕತೈತೆ. ಎಲ್ಲದಕ್ಕೂ ನನ್ನ ನಾಲಿಗೆ ತಿರುಗದ ಹೆಸರು. ಕೊನೆಗೆ ಪ್ಯಾಂಕ್ರಿಯಾಸ್ ಬಂತು, ಇನ್ಸುಲಿನ್ ಬಂತು, ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತೆ ಅನ್ನೋದು ಬಂತು. "ಇನ್ಸುಲಿನ್ ಇಲ್ದಿದ್ರೆ ಏನಾಗುತ್ತೆ? ನಿಮ್ಮ ಮಾತಲ್ಲಿ ಹೇಳಿ" ಅಂತ ಮೇಡಂ ನನ್ನನ್ನೇ ಎಬ್ಬಿಸಿದ್ರು.

ನನಗೆ ಗೊತ್ತಿದ್ದದ್ದು ಒಂದೇ. ಕೊಬ್ಬರಿ ಆಗ್ಲಿ ಅಂತ ಕಾಯಿನ ಅಟ್ಟಕ್ಕೆ ಹಾಕೋದು. ಹಂಗಾಗಿ ಹೇಳ್ದೆ: "ಮೇಡಂ, ತೋಟದಿಂದ ಗಾಡಿಗಟ್ಲೆ ಕಾಯಿ ಬಂದು ಅಂಗಳಕ್ಕೆ ಬಿದ್ದೈತೆ. ಅಟ್ಟಕ್ಕೆ ಎತ್ತಿ ಹಾಕೋ ಆಳು ಬಂದಿಲ್ಲ. ಆ ಆಳೇ ಇನ್ಸುಲಿನ್ನು. ಅಂಗಳ ತುಂಬಿ ಕಾಯಿ ಬೀದಿಗೆ ಉರುಳ್ತಾವೆ, ಅದು ಉಚ್ಚೇಲಿ ಹೋಗೋ ಸಕ್ಕರೆ. ಮನೆ ಒಳಗಿರೋರಿಗೆ ಮಾತ್ರ ಒಂದು ಕಾಯೂ ಸಿಕ್ಕಿಲ್ಲ. ಒಲೆ ಆರೋಗ್ತದೆ ಅಂತ ಸೂರಿನ ಜಂತೆ ಕಿತ್ತು ಉರಿ ಹಾಕ್ತಾರೆ, ಮಗು ಸಣ್ಣ ಆಗ್ತದೆ. ಆ ಜಂತೆಯಿಂದ ಏಳೋ ಹೊಗೆನೇ ಕೀಟೋನು. ಹೊಗೆ ತುಂಬಿದ್ರೆ ಒಳಗಿರೋರು ಉಸಿರು ಕಟ್ಟಿ ಹೋಗ್ತಾರೆ."

ಕ್ಲಾಸೆಲ್ಲ ಘೊಳ್ಳಂತ ನಗ್ತು. ಮೇಡಂ ನಗ್ಲಿಲ್ಲ. "ಇನ್ನೊಂದ್ಸಲ ನಿಧಾನವಾಗಿ ಹೇಳಿ, ಬರ್ಕೊಳ್ತೀನಿ" ಅಂದ್ರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಹುಚ್ಚು. ಮೇಡಂ ಮುಂಚೇನೇ ಹೇಳಿದ್ರು, "ನರ್ಸಿಂಗ್ ಓದೋರಿಗೆ ಮೊದಲನೇ ವರ್ಷ ಎಲ್ಲಾ ಕಾಯಿಲೆ ತಮಗೇ ಬರುತ್ತೆ, ಎರಡನೇ ವರ್ಷ ಎಲ್ಲಾ ಕಾಯಿಲೆ ನೆಂಟರಿಗೆ ಬರುತ್ತೆ" ಅಂತ. ನನ್ನ ನೆಂಟರೆಲ್ಲ ನೊಣವಿನಕೆರೆ ಹತ್ರ ಅಕ್ಕನ ಮನೇಲಿ ಸಿಗೋರು. ಹುಳಿಯಾರಿಂದ ಬಂದಿದ್ದ ಒಂದು ಮಗೂನ ನೋಡಿ, "ಇದು ವಯಸ್ಸಿಗೆ ಕುಳ್ಳ ಆಯ್ತು, ಬೆಳವಣಿಗೆ ಹಾರ್ಮೋನು ಪರೀಕ್ಷೆ ಮಾಡಿಸ್ಬೇಕು" ಅಂತ ಗಂಭೀರವಾಗಿ ಹೇಳ್ದೆ. ಅಷ್ಟೊತ್ತಿಗೆ ಮಗೂನ ಅಪ್ಪ ಬಂದ, ಅವ್ವ ಬಂದ್ಲು, ತಾತ ಬಂದ. ಮೂರೂ ಜನ ಅಟ್ಟದ ಕೆಳಗೆ ತಲೆ ಬಗ್ಗಿಸ್ದೆ ಸಲೀಸಾಗಿ ಆ ಕಡೆ ಹೋದ್ರು. ವಂಶನೇ ಹಂಗೆ. ಇನ್ನೊಂದ್ಸಲ ಪಕ್ಕದ ಮನೆ ಕೂಸು ನಾಲಿಗೆ ಆಚೆ ಚಾಚ್ಕೊಂಡೈತೆ ಅಂತ ಥೈರಾಯ್ಡ್ ಬಗ್ಗೆ ಭಾಷಣ ಮಾಡ್ದೆ. ಕೂಸು ನನ್ನನ್ನ ಅಣಕಿಸ್ತಾ ಇತ್ತು, ಅಷ್ಟೆ. ಅವತ್ತಿಂದ ಅಕ್ಕನ ಅತ್ತೆ ನನಗೆ ಅರ್ಧ ಡಾಕ್ಟ್ರು ಅಂತ ಕರೆಯೋಕೆ ಶುರು ಮಾಡಿದ್ರು. ಅವರನ್ನ ನಾನೂ ಅಕ್ಕನ ಮಗಳು ಕರೆದಂಗೆ ಅಜ್ಜಿ ಅಂತಾನೇ ಕರೆಯೋದು.

ಒಂದು ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಅಕ್ಕನ ಮಗಳಿಗೆ ಆಗ ಎಂಟು ವರ್ಷ, ಮೂರನೇ ಕ್ಲಾಸು. ನಾನು ಬಂದ್ರೆ ಮೊದಲು ನನ್ನ ಬ್ಯಾಗಿಗೆ ಕೈ ಹಾಕೋಳು, ಆಮೇಲೆ "ಮಾವ, ಯಾವಾಗ ಬಂದೆ" ಅನ್ನೋಳು. ಅವತ್ತು ಜಗಲಿ ಮೇಲೆ ಒರಗಿ ಕೂತಿದ್ಲು. ಕೈಯಲ್ಲಿ ನೀರಿನ ಚೊಂಬು. ಮೂರು ವಾರದ ಹಿಂದೆ ನೋಡಿದ್ದಕ್ಕಿಂತ ಕತ್ತು ಉದ್ದ ಆದಂಗೆ ಕಾಣ್ತು.

"ಬಾರಪ್ಪ ಅರ್ಧ ಡಾಕ್ಟ್ರೇ, ಇವತ್ತು ಯಾರ ತಲೆಗೆ ಯಾವ ಕಾಯಿಲೆ ಕಟ್ತೀಯ?" ಅಂದ್ರು ಅಜ್ಜಿ. "ಇರು, ನಿನಗೊಂದು ಅತಿಶಯ ತೋರುಸ್ತೀನಿ ಬಾ."

ಕೈ ಹಿಡ್ದು ಬಚ್ಚಲ ಹಿಂದಕ್ಕೆ ಕರ್ಕೊಂಡ್ ಹೋದ್ರು. ಅಲ್ಲಿ ಅವರ ಕೆಂಪು ಎಳನೀರಿನ ಮರ. ಅದರ ಬುಡದಲ್ಲಿ ಒಂದು ಕಡೆ ಇರುವೆಗಳು ಕಪ್ಪಗೆ ಮುತ್ತಿದ್ವು. ಗೋಡೆ ಉದ್ದಕ್ಕೂ ಸಾಲು.

"ಮಗೀಗೆ ಈಗ ಇಪ್ಪತ್ತು ದಿನದಿಂದ ಎಳ್ನೀರು ಅಂದ್ರೆ ಪ್ರಾಣ. ದಿನಕ್ಕೆ ನಾಕು ಕುಡೀತದೆ. ನಮ್ ಮರದ ನೀರು ಎಷ್ಟು ಸಿಹಿ ಅಂದ್ರೆ, ಅದು ಉಚ್ಚೆ ಹುಯ್ದ ಜಾಗಕ್ಕೂ ಇರುವೆ ಮುತ್ಕತಾವೆ ಕಣಪ್ಪ! ಈ ಸೀಮೇಲಿ ಇನ್ಯಾರ ಮರಕ್ಕಾದ್ರೂ ಐತಾ ಈ ಗುಣ? ಹೇಳು ನೋಡಾನ."

"ಎಲ್ಲೂ ಇಲ್ಲ ಅಜ್ಜಿ" ಅಂತ ನಾನೂ ನಕ್ಕೆ.

"ಬೀದಿಯೋರೆಲ್ಲ ಬಂದು ನೋಡ್ಕೊಂಡು ಹೋಗವ್ರೆ. ಸಸಿ ಮಾಡ್ಕತೀವಿ ಅಂತ ಇಬ್ರು ಕಾಯಿ ಕೇಳವ್ರೆ."

ಇಬ್ರೂ ನಗ್ತಾ ಒಳಗೆ ಬಂದ್ವಿ. ಅಕ್ಕ ಮುದ್ದೆ ಇಕ್ಕಿದ್ಲು. ಮೊದಲನೇ ತುತ್ತು ಮುರಿದು ಸಾರಿಗೆ ಅದ್ದಿದ್ದೆ ಅಷ್ಟೆ, ಕ್ಲಾಸಲ್ಲಿ ನಾನೇ ಹೇಳಿದ್ದ, ಬೀದಿಗೆ ಉರುಳಿದ ಕಾಯಿ ಕಣ್ಣ ಮುಂದೆ ಬಂತು. ತುತ್ತು ತಟ್ಟೆಗೆ ಬಿತ್ತು.

"ಅಕ್ಕ, ಇವಳು ಹಾಸಿಗೇಲಿ ಮಾಡ್ಕತಾಳಾ?"

ಅಕ್ಕ ಸೌಟು ಹಿಡ್ಕೊಂಡು ನಿಂತ್ಲು. "ನಿಂಗ್ಯಾರೋ ಹೇಳಿದ್ರು? ನಾಕು ವರ್ಷದಿಂದ ನಿಂತಿತ್ತು, ಈಗ ಮತ್ತೆ ಶುರುವಾಗೈತೆ. ಎಳ್ನೀರು ಕುಡೀತಾಳಲ್ಲ ಅಂತ ಸುಮ್ನಿದ್ದೆ."

"ಊಟ?"

"ಬಕಾಸುರನ ಥರ ತಿಂತಿದ್ಲು. ಎರಡು ದಿನದಿಂದ ಹೊಟ್ಟೆನೋವು ಅಂತಾಳೆ."

"ಅಕ್ಕ, ಇದು ಸಕ್ಕರೆ ಕಾಯಿಲೆ ಇರ್ಬೋದು."

ಅಜ್ಜಿ ಚಪ್ಪಾಳೆ ತಟ್ಟಿ ನಕ್ರು. "ಬಂತು ನೋಡು! ನಾನ್ ಹೇಳ್ಲಿಲ್ವಾ? ಕುಳ್ಳ ಆಯ್ತು, ನಾಲಿಗೆ ಆಯ್ತು, ಈಗ ಸಕ್ಕರೆ. ಲೇ ಅಯ್ಯ, ಸಕ್ಕರೆ ಕಾಯಿಲೆ ಮುದುಕರಿಗೆ ಬರಾದು ಕಣ್ಲಾ. ಆ ಕಡೆ ಮನೆ ಮೇಷ್ಟ್ರಿಗೆ ಐತೆ, ನೋಡ್ಕೊಂಡ್ ಬಾ ಹೋಗು."

ಆ ಮಾತೇ ನನಗೆ ದಾರಿ ತೋರುಸ್ತು. ಆ ಕಡೆ ಮನೆ ರಿಟೈರ್ಡ್ ಮೇಷ್ಟ್ರ ಹತ್ರ ಸಕ್ಕರೆ ನೋಡೋ ಮಿಷಿನ್ನು ಇತ್ತು. ದಿನಾ ಬೆಳಗ್ಗೆ ಬೆರಳು ಚುಚ್ಕೊಂಡು, ಬಂದ ನಂಬರನ್ನ ಕಾಂಪೌಂಡಿಂದ ಊರಿಗೆಲ್ಲ ಸಾರೋರು. ಓಡಿಹೋಗಿ ಕರೆದೆ. ಮಿಷಿನ್ನು ಎದೆಗವಚ್ಕೊಂಡು ಮದುವೆಗೆ ಬಂದಂಗೆ ಬಂದ್ರು.

ಮಗು ಬೆರಳು ಕೊಡಲ್ಲ ಅಂತು. "ಮೊದ್ಲು ಮೇಷ್ಟ್ರ ತಾತ ಚುಚ್ಕೊಳ್ಳಿ."

ಮೇಷ್ಟ್ರು ಚುಚ್ಕೊಂಡ್ರು. "ನೂರ ಎಂಬತ್ತೆರಡು! ನೆನ್ನೆ ನೂರ ತೊಂಬತ್ತಿತ್ತು" ಅಂತ ಎಲ್ರ ಮುಖ ನೋಡಿದ್ರು. ಆಮೇಲೆ ಮಗು ಕಣ್ಣು ಮುಚ್ಚಿ ಬೆರಳು ಚಾಚ್ತು. ನಾನು ಹೊಸ ಸೂಜಿ ಹಾಕಿ ಚುಚ್ಚಿ ಪಟ್ಟಿಗೆ ರಕ್ತ ಮುಟ್ಟಿಸ್ದೆ. ಐದು, ನಾಕು, ಮೂರು ಅಂತ ಮಿಷಿನ್ನು ಎಣಿಸ್ತು. ನಂಬರು ಬರೋ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ ಬಂದ್ವು.

ಓದಿದ್ದು ಮಗೂನೇ. "ಎಚ್, ಐ. ಹಾಯ್! ಮಾವ, ಮಿಷಿನ್ನು ನಂಗೆ ಹಾಯ್ ಅಂತೈತೆ!"

ಮನೆಯೆಲ್ಲ ನಗೆ. "ನನಗೆ ಆರು ವರ್ಷದಿಂದ ಒಂದಿನಾನೂ ಹಾಯ್ ಅಂದಿಲ್ವಲ್ಲ ಇದು" ಅಂತ ಮೇಷ್ಟ್ರು ಬೇಜಾರು ಮಾಡ್ಕೊಂಡ್ರು. "ಮಕ್ಕಳು ಅಂತ ಗೊತ್ತಾಯ್ತದೆ ಕಣ್ರೀ ಮೇಷ್ಟ್ರೇ, ಈಗಿನ ಕಾಲದ ಮಿಷಿನ್ನು" ಅಂತ ಅಜ್ಜಿ ಅದಕ್ಕೆ ಕೈ ಬೀಸಿದ್ರು. ದೇವ್ರಾಣೆ ಹೇಳ್ತೀನಿ, ಒಂದು ಗಳಿಗೆ ನಾನೂ ನಕ್ಕೆ. ನಂಬರು ಬಂದಿಲ್ಲ, ಸದ್ಯ, ಏನೂ ಇಲ್ಲ ಅಂತ ಎದೆ ಹಗುರ ಆಯ್ತು.

ಆಮೇಲೆ ಮೇಡಂ ಲ್ಯಾಬಲ್ಲಿ ಹೇಳಿದ್ದು ತಲೆಗೆ ಬಂತು. ಸಕ್ಕರೆ ಆರುನೂರು ದಾಟಿದ್ರೆ ಈ ಥರ ಮಿಷಿನ್ನಿಗೆ ಲೆಕ್ಕ ಸಿಗಲ್ಲ. ಆಗ ಅದು ಹೈ ಅಂತ ಬರೆಯುತ್ತೆ. ಹೈ ಅಂದ್ರೆ ಎತ್ತರ. ನನಗಿಂತ ಎತ್ತರ, ನನ್ನ ಲೆಕ್ಕಕ್ಕಿಂತ ಎತ್ತರ ಅಂತ.

"ಕೈಗೆ ಬೆಲ್ಲ ಗಿಲ್ಲ ಮೆತ್ತಿರ್ಬೋದು" ಅಂತ ನನಗೆ ನಾನೇ ಧೈರ್ಯ ಹೇಳ್ಕೊಂಡೆ. ಮಗೂನ ಕೈ ಸೋಪು ಹಾಕಿ ತೊಳೆಸಿ, ಒರೆಸಿ, ಬೇರೆ ಬೆರಳು ಚುಚ್ಚಿದೆ. ಮತ್ತೆ ಅದೇ ಎರಡು ಅಕ್ಷರ. ಮಗು ಈ ಸಲ ಓದ್ಲಿಲ್ಲ, ಅಕ್ಕನ ತೊಡೆ ಮೇಲೆ ಮಲಗಿಬಿಡ್ತು. ಹತ್ರ ಬಗ್ಗಿದೆ. ಬಾಯಿಂದ ಉಗುರಿನ ಬಣ್ಣ ಒರೆಸೋ ಔಷಧಿ ಇರ್ತದಲ್ಲ, ಅಂಥಾ ವಾಸನೆ. ಅದೇ ಜಂತೆ ಹೊಗೆ, ಕೀಟೋನು.

"ಅಕ್ಕ, ಹೊರಡು. ಈಗಲೇ" ಅಂದೆ. ಹೈ ಅಂದ್ರೆ ಏನು ಅಂತ ಹೇಳ್ದೆ. ಎರಡನೇ ಹಾಯ್‌ಗೂ ಬೀಸೋಕೆ ಎತ್ತಿದ್ದ ಕೈನ ಅಜ್ಜಿ ಮೆಲ್ಲಗೆ ಕೆಳಗಿಳಿಸಿದ್ರು.

ಭಾವ ಕಾಯಿ ತಗೊಂಡು ಚಿಕ್ಕನಾಯಕನಹಳ್ಳಿ ಕಡೆ ಹೋಗಿದ್ದ. ಆಂಬುಲೆನ್ಸ್ ತಿಪಟೂರಿಂದ ಬರೋ ಹೊತ್ತಿಗೆ ನಾವೇ ತಿಪಟೂರು ಸೇರ್ಬೋದು ಅಂತ ಮೇಷ್ಟ್ರು ಕಾರು ತೆಗೆದ್ರು. ಆ ಕಾರು ಅವರು ರಿಟೈರ್ ಆದಾಗ ಕೊಂಡಿದ್ದು, ಮೂರನೇ ಗೇರು ಇನ್ನೂ ಹೊಸದಾಗೇ ಇತ್ತು. ಹೊರಡೋ ಹೊತ್ತಿಗೆ ಅಜ್ಜಿ ಕೆತ್ತಿದ ಎಳನೀರು ಹಿಡ್ಕೊಂಡು ಓಡಿ ಬಂದ್ರು. "ದಾರೀಲಿ ಮಗೀಗೆ ಬಾಯಾರ್ತದೆ ಕಣೋ!"

"ಅಜ್ಜಿ, ಎಳ್ನೀರು ಬ್ಯಾಡ. ಬರೀ ನೀರು ತಗಳಿ, ಗುಟುಕು ಗುಟುಕು ಕೊಡಾನ."

"ಎಳ್ನೀರು ಬ್ಯಾಡ ಅಂದ ಗಂಡಸು ಈ ಮನೇಲಿ ನೀನೇ ಮೊದಲು" ಅಂತ ಬೈದ್ರು. ಆದ್ರೂ ಎಳನೀರು ಜಗಲಿ ಮೇಲಿಟ್ಟು, ನೀರಿನ ಚೊಂಬು ಹಿಡ್ಕೊಂಡು ಹಿಂದಿನ ಸೀಟಿಗೆ ಹತ್ತಿದ್ರು.

ಮಗು ತೂಕಡಿಸ್ತಾ ಇತ್ತು. ಮಾತಾಡಿಸ್ತಾ ಇರ್ಬೇಕು ಅಂತ ನಾನು ಮುಂದಿನ ಸೀಟಿಂದ ತಿರುಗಿ ಮಗ್ಗಿ ಕೇಳೋಕೆ ಶುರು ಮಾಡ್ದೆ.

"ಏಳೆಂಟ್ಲ ಎಷ್ಟೇ?"

"ಐವತ್ತಾರು."

"ಎಂಟೊಂಬತ್ಲ?"

"...ಎಪ್ಪತ್ತೆರಡು. ಮಾವ, ನಿದ್ದೆ ಬತ್ತೈತೆ."

"ಹದಿಮೂರೇಳ್ಲ?" ನನಗೂ ಗೊತ್ತಿರ್ಲಿಲ್ಲ.

"ತೊಂಬತ್ತೊಂದು!" ಅಂತ ಮೇಷ್ಟ್ರು ಸ್ಟೇರಿಂಗ್ ಬಿಟ್ಟು ಕೈ ಎತ್ತಿ ಹೇಳಿದ್ರು.

"ನಿಮ್ಮನ್ ಕೇಳ್ಲಿಲ್ಲ, ರೋಡ್ ನೋಡ್ರೀ!" ಅಂತ ಅಜ್ಜಿ ಕಿರುಚಿದ್ರು. ಆ ಗಲಾಟೆಗೆ ಮಗು ಕಣ್ಣು ಬಿಟ್ಟು ನಕ್ತು. ನಗು ಬಂದ ಹೊತ್ತಲ್ಲಿ ಇನ್ನೆರಡು ಮಗ್ಗಿ. ಹಂಗೇ ಹದಿನಾರರ ಮಗ್ಗಿ ಮುಗಿಯೋ ಹೊತ್ತಿಗೆ ತಿಪಟೂರು ಬಂತು. ಮೇಷ್ಟ್ರು ಕಾರನ್ನ ಆಸ್ಪತ್ರೆ ಮೆಟ್ಟಿಲ ತನಕ ತಂದು ನಿಲ್ಲಿಸಿದ್ರು, ಹಿಂದೆ ಮುಂದೆ ಯಾರಿಗೂ ದಾರಿ ಇಲ್ದಂಗೆ.

ಒಳಗೆ ಹೋಗಿ ನಾನು ಹೇಳಿದ್ದು ಎರಡೇ ಮಾತು. "ಎಂಟು ವರ್ಷದ ಮಗು, ಮಿಷಿನ್ನು ಎರಡು ಸಲ ಹೈ ತೋರುಸ್ತು." ನನ್ನ ಜೀವನದಲ್ಲಿ ನಾನು ಹೇಳಿದ್ದನ್ನ ಯಾರೂ ಇಷ್ಟು ಬೇಗ ನಂಬಿದ್ದಿಲ್ಲ. ಹಾಸಿಗೆ ಬಂತು, ರಕ್ತ ತಗೊಂಡ್ರು, ಡ್ರಿಪ್ ಹಾಕಿದ್ರು, ಆಮೇಲೆ ಇನ್ಸುಲಿನ್ನು ತೊಟ್ಟು ತೊಟ್ಟಾಗಿ. ಗಂಟೆಗೊಂದ್ಸಲ ಬೆರಳು. ಡಾಕ್ಟ್ರು ಹೊರಗೆ ಬಂದು, "ಟೈಪ್ ಒನ್ ಡಯಾಬಿಟೀಸು. ಮೈಯೆಲ್ಲ ಕೀಟೋನು ಏರಿದೆ. ನಾಳೆಗೆ ಬಿಟ್ಟಿದ್ರೆ ಕಷ್ಟ ಇತ್ತು. ಯಾರು ಗುರ್ತು ಹಿಡಿದಿದ್ದು?" ಅಂತ ಕೇಳಿದ್ರು.

"ಇರುವೆ ಸಾರ್" ಅಂದ್ರು ಮೇಷ್ಟ್ರು.

ಮಾರನೇ ದಿನ ಮಗು ಎದ್ದು ಕೂತ್ಕೊಂಡು, ಪಕ್ಕದ ಹಾಸಿಗೆಯವರ ತಿಂಡಿ ಏನು ಅಂತ ವಿಚಾರಿಸ್ತು. ನಾನು ವಾರ್ಡಿನ ಬಾಗಲಲ್ಲೇ ಕುಣಿದ್ಬುಟ್ಟೆ. ಸಿಸ್ಟರ್ ಗದರಿಸಿದ್ರು. ಭಾವ ಬಂದಿದ್ದ, ಅಕ್ಕ ಅಳೋದು ನಗೋದು ಎರಡೂ ಮುಗಿಸಿದ್ಲು. ಅಜ್ಜಿ ಮಾತ್ರ ವಾರ್ಡಿನ ಒಳಗೆ ಕಾಲಿಡ್ತಿರ್ಲಿಲ್ಲ. ಹೊರಗೆ ಬೆಂಚಿನ ಮೇಲೆ ಸೆರಗು ಹೊದ್ಕೊಂಡು ಕೂತಿದ್ರು.

"ಯಾಕಜ್ಜಿ? ಮಗು ಕರೀತೈತೆ."

"ಯಾವ ಮಖ ಇಟ್ಕೊಂಡು ಬರ್ಲಪ್ಪ? ದಿನಕ್ಕೆ ನಾಕು ಕುಡುಸ್ದೆ. ನನ್ ಎಳ್ನೀರೇ ತಾನೇ ಮಗೀಗೆ ಹಿಂಗ್ ಮಾಡಿದ್ದು? ಊರಿಗೆಲ್ಲ ಕರ್ದು ತೋರುಸ್ದೆ ಬೇರೆ."

ನಾನು ಪಕ್ಕದಲ್ಲಿ ಕೂತ್ಕೊಂಡು ಅಂಗಳ, ಅಟ್ಟ, ಆಳು ಎಲ್ಲ ಹೇಳ್ದೆ. "ಅಜ್ಜಿ, ಕಾಯಿ ತಂದಿದ್ದು ತಪ್ಪಲ್ಲ. ಆಳು ಕೆಲ್ಸ ಬಿಟ್ಟೋದ. ಯಾಕೆ ಬಿಟ್ಟ ಅಂದ್ರೆ ಮಗು ತಿಂದಿದ್ದಕ್ಕಲ್ಲ, ನೀವು ಕೊಟ್ಟಿದ್ದಕ್ಕಲ್ಲ. ಬಾಯಾರಿದ್ಲು ಅಂತ ನೀವು ಕೊಟ್ರಿ. ಬಾಯಾರಿಕೆ ಮುಂಚೆ ಬಂತು, ಎಳ್ನೀರು ಆಮೇಲೆ. ಇನ್ನು ಮೇಲೆ ದಿನಾ ಊಟಕ್ಕೆ ಮುಂಚೆ ನಾವೇ ಆಳನ್ನ ಒಳಗೆ ಕಳಿಸ್ಬೇಕು, ಸೂಜೀಲಿ."

"ದಿನಾನಾ?"

"ದಿನಾ. ಜೀವ ಇರೋತಂಕ."

ಅಜ್ಜಿ ಹೊದ್ದಿದ್ದ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದ್ರು. "ಆ ಆಳು ಹಾಳಾಗೋಗ" ಅಂತ ಒಂದು ಬೈಗುಳ ಬೈದು ಎದ್ದು ಒಳಗೆ ಬಂದ್ರು.

ಮಗೂನ ಮನೆಗೆ ಕಳ್ಸೋಕೆ ಡಾಕ್ಟ್ರು ಒಂದೇ ಷರತ್ತು ಹಾಕಿದ್ರು. ಮನೆಯೋರು ಯಾರಾದ್ರೂ ಮೂರು ಸಲ ತಪ್ಪಿಲ್ದೆ ಇನ್ಸುಲಿನ್ ಕೊಟ್ಟು ತೋರಿಸ್ಬೇಕು. ಕೊಡೋದು ಪೆನ್ನಿನಂಥ ಒಂದು ಸಾಧನದಲ್ಲಿ. ಹಿಂದಿನ ಗುಂಡಿ ತಿರುವಿದ್ರೆ ಒಂದು ಯೂನಿಟ್ಟಿಗೆ ಒಂದು ಟಿಕ್ಕು. ಅಕ್ಕ ಪೆನ್ನು ಹಿಡಿದ್ರೆ ಕಣ್ಣಲ್ಲಿ ನೀರು ತುಂಬಿ ನಂಬರು ಕಾಣ್ತಿರ್ಲಿಲ್ಲ. ಭಾವ ಸೂಜಿ ನೋಡಿ ಗೋಡೆ ಹಿಡ್ಕೊಂಡ. ಆಗ ಎಲ್ರೂ ನನ್ ಕಡೆ ನೋಡಿದ್ರು. ಕಾಲೇಜಲ್ಲಿ ಸ್ಪಂಜಿಗೆ ಎಷ್ಟೋ ಸಲ ಚುಚ್ಚಿದ್ದೆ. ಸ್ಪಂಜು "ಮಾವ" ಅನ್ನಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕ್ದೆ, ಮತ್ತೆ ತೆಗೆದೆ.

"ಮಾವ, ನೀನ್ ಬ್ಯಾಡ" ಅಂತು ಮಗು. "ಅಜ್ಜಿ ಕೊಡ್ಲಿ."

ಸಿಸ್ಟರ್ ಮಂಗಳೂರು ಕಡೆಯವರು. "ಅಜ್ಜಿ, ನಿಮಗೆ ನಂಬರ್ ಓದಲಿಕ್ಕೆ ಬರ್ತದಾ?" ಅಂತ ಕೇಳಿದ್ರು.

"ಓದಾಕೆ ಬರಲ್ಲ ಕಣವ್ವ. ಕಿವಿ ಕೇಳ್ತದೆ. ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ, ಕೊಬ್ಬರಿ ಆಗೈತೋ ಇಲ್ವೋ ಅಂತ ಹೇಳೋ ಕಿವಿ ಇದು. ಕೊಡಿಲ್ಲಿ."

ಪೆನ್ನನ್ನ ಕಿವಿ ಹತ್ರ ಹಿಡ್ದು ತಿರುವಿದ್ರು. ಟಿಕ್. "ಲಾಭ." ಟಿಕ್. "ಎರಡು." ಟಿಕ್. "ಮೂರು."

"ನಿಲ್ಲಿ, ನಿಲ್ಲಿ. ಲಾಭ ಅಂದ್ರೆ ಎಷ್ಟು ಯೂನಿಟ್ ಅಜ್ಜಿ?" ಅಂತ ಸಿಸ್ಟರ್ ಗಾಬರಿ ಆದ್ರು.

ನಮ್ಮ ಕಡೆ ರಾಗಿ ಅಳೆಯುವಾಗ, ಕಾಯಿ ಎಣಿಸುವಾಗ ಯಾರೂ ಒಂದು ಅನ್ನಲ್ಲ, ಲಾಭ ಅಂತಾನೇ ಶುರು ಮಾಡೋದು ಅಂತ ನಾನು ವಿವರಿಸ್ದೆ. ಸಿಸ್ಟರ್ ನಕ್ಕು ನಕ್ಕು ಕುರ್ಚಿ ಮೇಲೆ ಕೂತ್ರು. ಆಮೇಲೆ ಗಂಭೀರವಾಗಿ ಹೇಳಿದ್ರು, ಬರೀ ಕಿವಿ ನಂಬೋ ಹಾಗಿಲ್ಲ, ಕಣ್ಣೂ ಬೇಕು. ಹಂಗಾಗಿ ಅಜ್ಜಿ ಎಣಿಸೋದು, ಮಗು ಪೆನ್ನಿನ ಮೇಲಿನ ನಂಬರು ಓದೋದು, ಎರಡೂ ಒಂದೇ ಆದ್ರೆ ಮಾತ್ರ ಸೂಜಿ ಅಂತ ಆಯ್ತು.

"ಆರು" ಅಂದ್ರು ಅಜ್ಜಿ.

"ಆರು" ಅಂತ ಮಗು ಓದ್ತು. "ಅಜ್ಜಿ, ನೀನ್ ಕಳ್ಳಿ, ಇಣುಕಿ ನೋಡ್ದೆ."

"ನೋಡಿದ್ರೆ ಏನೇ ತಿಳೀತದೆ ನಂಗೆ, ಬಾಯ್ಮುಚ್ಚು."

ಹೊಟ್ಟೆ ಮೇಲೆ ಚರ್ಮ ಹಿಡ್ದು, ಸೂಜಿ ಇಳಿಸಿ, ಗುಂಡಿ ಒತ್ತಿದ್ರು. ಒಂದು ಚೂರೂ ಹಿಂಜರೀಲಿಲ್ಲ. ಹತ್ತು ಎಣಿಸೋ ತನಕ ಸೂಜಿ ತೆಗೀಬಾರ್ದು ಅಂತ ಸಿಸ್ಟರ್ ಹೇಳಿದ್ರು. ಅಜ್ಜಿ ಎಣಿಸೋಕೆ ಶುರು ಮಾಡಿದ್ರು. ಎರಡನೇದಕ್ಕೆ ಮಗು ಸೇರ್ಕೊಂತು, ಮೂರಕ್ಕೆ ಅಕ್ಕ, ಆಮೇಲೆ ಗೋಡೆ ಹಿಡ್ಕೊಂಡೇ ಭಾವ. ಪಕ್ಕದ ಹಾಸಿಗೆಯವರೂ ಬಿಡ್ಲಿಲ್ಲ. ಹತ್ತು ಅನ್ನೋ ಹೊತ್ತಿಗೆ ಇಡೀ ವಾರ್ಡು ಕೂಗ್ತು.

ಸೂಜಿ ಆಚೆ ಬಂತು. ಮಗು ಅಂಗಿ ಕೆಳಗೆ ಎಳ್ಕೊಂಡು ಸಿಸ್ಟರ್ ಮುಖ ನೋಡ್ತು. "ಇದು ಎಷ್ಟನೇದು ಸಿಸ್ಟರ್? ಇನ್ನು ಎಷ್ಟು ಸಲ ಆದ್ರೆ ಮನೆಗ್ ಹೋಗ್ಬೋದು?"

ಸಿಸ್ಟರ್ ಪುಸ್ತಕ ತೆಗೆದು ಗೀಟು ಎಳೆದ್ರು. "ಇದು ಲಾಭ" ಅಂದ್ರು. "ಇನ್ನೆರಡು."